ಬಾವಿಯ ತಳವನ್ನೂ ನೋಡಿ
ಬೋರ್‌ವೆಲ್ ಬತ್ತಿದರೆ ನೀರಿನ ಜೊತೆ ಅದರೊಳಗಿನ ಜೀವಿಗಳೂ ಹೋಗುತ್ತವೆ ಅಂತ ನಾನು ಓದಿದ ಲೇಖನವೊಂದರಲ್ಲಿ ಬರೆದಿರುವುದು ನೂರಕ್ಕೆ ನೂರು ನಿಜ. ಬೆಂಗಳೂರಲ್ಲಿ ನಾವು ಎಷ್ಟು ಅಡಿ, ಎಷ್ಟು ಇಂಚು ನೀರು ಅಂತಷ್ಟೇ ಕೇಳುತ್ತೇವೆ. ಕೇರಳದ ಮನೆ ಬಾವಿಗಳಲ್ಲಿ ಕಣ್ಣೇ ಇಲ್ಲದ, ಮೈಯೊಳಗಿನ ರಕ್ತ ಹೊರಗೆ ಕೆಂಪಗೆ ಕಾಣುವ ಹೊರಾಗ್ಲಾನಿಸ್ ಮೀನು ಸಿಕ್ಕಿ, 1950ರಲ್ಲೇ ಅದಕ್ಕೆ ಹೆಸರಿಟ್ಟಾಗಿದೆ. ಆಂಧ್ರದಲ್ಲಿ ಪ್ರಾಣಿಶಾಸ್ತ್ರಜ್ಞ ವೈ. ರಂಗಾ ರೆಡ್ಡಿ ಅವರು ಅಂತರ್ಜಲದಿಂದ ಸೀಗಡಿಯ ದೂರದ ನೆಂಟರಾದ ಪುಟಾಣಿ ಜೀವಿಗಳ ಎಷ್ಟೋ ಹೊಸ ಜಾತಿಗಳನ್ನು ಗುರುತಿಸಿದ್ದಾರೆ. ನಮ್ಮಲ್ಲೂ ಹಳೇ ಬಾವಿಗಳಿವೆ, ಕಬ್ಬನ್ ಪಾರ್ಕಿನಲ್ಲಿ ಹೂಳು ತೆಗೆದವೂ ಇವೆ. ಅವುಗಳಲ್ಲೂ ಇಂಥ ಜೀವಿಗಳಿವೆಯಾ ಅಂತ ಹುಡುಕಬೇಕು, ಅದಕ್ಕೆ ಖರ್ಚು ಜಾಸ್ತಿ ಏನಿಲ್ಲ. ಸಣ್ಣ ಕಣ್ಣಿನ ಬಲೆಯನ್ನು ತಳಕ್ಕೆ ಬಿಟ್ಟು, ಕೆಸರು ಸ್ವಲ್ಪ ಕದಡಿ, ನಿಧಾನವಾಗಿ ಮೇಲೆಳೆದು, ಬಂದದ್ದನ್ನು ಮೈಕ್ರೋಸ್ಕೋಪಿನಲ್ಲಿ ನೋಡುವುದು. ಕಾಲೇಜು ಮಕ್ಕಳೇ ಮಾಡಬಹುದು, ಅಲ್ವಾ? ಆದರೆ ಬಾವಿಗೆ ಬ್ಲೀಚಿಂಗ್ ಪೌಡರ್ ಸುರಿಯುವ ಮೊದಲೇ ಮಾಡಬೇಕು.