ಮೂಸಿ ನೋಡಿದ್ದೇ ಪ್ರೀತಿನಾ?

ಇಬ್ಬರು ಗಂಡಸರ ಪ್ರೇಮದ ಈ ತೋಳಮಾನವ ಕಾದಂಬರಿಗೆ ಕೆಲವರು ಐದು ಸ್ಟಾರ್, ಕೆಲವರು ಒಂದೇ ಸ್ಟಾರ್ ಕೊಟ್ಟಿದ್ದಾರೆ. ಆಶ್ಚರ್ಯವೇನಿಲ್ಲ ಬಿಡಿ. ಜಗಳ ಇರುವುದು ಸಲಿಂಗ ಪ್ರೇಮದ ಬಗ್ಗೆ ಅಲ್ಲ, ‘ವಿಧಿ ಬರೆದ ಜೋಡಿ’ ಎಂಬ ಸೂತ್ರದ ಬಗ್ಗೆ, ಅಂದರೆ ವಾಸನೆಯಿಂದಲೇ ತನ್ನ ಸಂಗಾತಿ ಯಾರೆಂದು ತೋಳಕ್ಕೆ ಗೊತ್ತಾಗಿಬಿಡುವುದರ ಬಗ್ಗೆ. ಹಿಂಡಿನ ನಾಯಕ ಹುಡುಗನ ಹೆಸರನ್ನೂ ಕೇಳುವುದಿಲ್ಲ. ಕುತ್ತಿಗೆ ಹತ್ತಿರ ಮೂಗು ತಂದು ‘ನೀನು ನನ್ನವನು’ ಅಂದುಬಿಡುತ್ತಾನೆ. ಅಭಿಮಾನಿಗಳಿಗೆ ಅದೇ ಮಜಾ. ಆ ಹುಡುಗನನ್ನೂ ಒಂದು ಮಾತು ಕೇಳಬೇಕಿತ್ತು, ಅಲ್ವಾ?

‘ಆಲ್ಫಾ ತೋಳ, ಅಂದರೆ ಹಿಂಡನ್ನು ಜಬರ್ದಸ್ತಿನಿಂದ ಆಳುವ ನಾಯಕ, ಇರುವುದೇ ಹಾಗೆ’ ಎಂದು ವಾದಿಸುವವರು ಸ್ವಲ್ಪ ತಡೆಯಿರಿ. ಆ ಕಲ್ಪನೆಯ ಬೇರು ಪ್ರಾಣಿ ವರ್ತನೆಯ ಸಂಶೋಧಕ ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿದೆ. ಅವರು ನೋಡಿದ್ದು ಕೂಡಿಹಾಕಿದ್ದ ತೋಳಗಳನ್ನು. ಕಾಡಿನ ಹಿಂಡು ಸಾಮಾನ್ಯವಾಗಿ ಅಪ್ಪ, ಅಮ್ಮ, ಮರಿಗಳ ಸಂಸಾರ ಎಂದು ತೋಳಗಳ ಸಂಶೋಧಕ ಡೇವಿಡ್ ಮೀಚ್ 1999ರಲ್ಲೇ ಬರೆದರು.

ಹಾಗಂತ ಇದನ್ನು ‘ಬರೀ ಮಸಾಲೆ’ ಅಂದವರನ್ನೂ ಒಪ್ಪಲಾರೆ. ತೋಳದಿಂದ ಮನುಷ್ಯನಾದ ಮೇಲೆ ನಾಯಕನ ಬೆರಳು ನಡುಗಿ ಅಂಗಿ ಗುಂಡಿ ಹಾಕಲಾಗುವುದಿಲ್ಲ. ಹುಡುಗ ಏನೂ ಮಾತಾಡದೆ ಒಂದೊಂದೇ ಹಾಕುತ್ತಾನೆ. ಆ ಪುಟದವರೆಗೆ ಅವರು ಓದಿಲ್ಲ ಅನ್ನಿಸುತ್ತದೆ. ನನ್ನ ಲೆಕ್ಕದಲ್ಲಿ ಮೂರೂವರೆ ಸ್ಟಾರ್. ಕೊನೆಯ ಹೊಡೆದಾಟ ಸ್ವಲ್ಪ ಜಾಸ್ತಿಯೇ ಆಯಿತು.