ಜಿಪ್ಪು ಹಾಕದ ಹಡಗು

ಸ್ಟಾಕ್‌ಹೋಮ್‌ನ ವಾಸಾ ಮ್ಯೂಸಿಯಮ್ಮಿಗೆ ಹೋಗುವ ಮುಂಚೆ ನಾನು ಕಾಗದದ ದೋಣಿಯನ್ನೂ ಮುಳುಗಿಸಿದವನಲ್ಲ. ಅಲ್ಲಿ ಕಾಲು ಗಂಟೆಯಲ್ಲಿ ಮೂರು ಯುದ್ಧನೌಕೆ ಮುಳುಗಿಸಿದೆ.

ಅಸಲಿ ವಾಸಾ ಮಬ್ಬು ಬೆಳಕಿನಲ್ಲಿ ಎದುರಿಗೇ ನಿಂತಿತ್ತು. 1628ರ ಆಗಸ್ಟ್ 10ರಂದು ಮೊದಲ ಯಾನಕ್ಕೆ ಹೊರಟು, ಸುಮಾರು 1,300 ಮೀಟರ್ ಹೋಗಿ, ದಡದಲ್ಲಿದ್ದ ಜನರ ಕಣ್ಣೆದುರೇ ಮಗುಚಿದ ಹಡಗು. 333 ವರ್ಷ ನೀರಿನಡಿ ಇದ್ದು 1961ರಲ್ಲಿ ಮೇಲೆ ಬಂತು. ಮೈತುಂಬ ಕೆತ್ತನೆ, 64 ಫಿರಂಗಿ. ಮೇಲೆಲ್ಲ ಭಾರ, ಬುಡ ಹಗುರ.

ಅಲ್ಲೊಂದು ಕಂಪ್ಯೂಟರು. ನೀವೇ ಹಡಗು ಸಜ್ಜುಗೊಳಿಸಿ ತೇಲಿಸಿ ನೋಡಿ ಅಂತ. "ಇಷ್ಟೇನಾ?" ಅಂದೆ. ನಾನು ಹಾಗಂದಾಗಲೆಲ್ಲ ಮನೆಗೆ ಪ್ಲಂಬರ್ ಬಂದಿದ್ದಾನೆ.

ಮೊದಲ ಹಡಗಿಗೆ ಸಿಕ್ಕ ಫಿರಂಗಿಯನ್ನೆಲ್ಲ ತುಂಬಿದೆ. ಹೋಯಿತು. ಎರಡನೆಯದರ ತಳಕ್ಕೆ ಕಲ್ಲು ಸುರಿದೆ. ಅದು ಗಂಭೀರವಾಗಿ ಕೆಳಗಿಳಿದು, ಕೆಳಸಾಲಿನ ಫಿರಂಗಿ ಕಿಂಡಿಗಳು ನೀರಿನ ಮಟ್ಟಕ್ಕೇ ಬಂದವು. ಒಂದೇ ಗಾಳಿ. ಬುಳುಬುಳು.

"ಮಾಮಾ, ಮೇಲಿನ ಫಿರಂಗಿ ತೆಗೀರಿ" ಎಂದ ಅಕ್ಕನ ಮಗ.

"ಫಿರಂಗಿ ಇಲ್ದೆ ಅದೆಂಥ ಯುದ್ಧನೌಕೆಯೋ?"

"ಕೇಳೋ ಜಾತಿ ಅಲ್ಲ, ಬಿಡೋ" ಎಂದಳು ನನ್ನಾಕೆ. ಹಿಂದೆ ಮಕ್ಕಳ ಸಾಲು ಬೆಳೆಯುತ್ತಿತ್ತು.

ಆಗಿನವರೂ ಕೇಳಿರಲಿಲ್ಲ. ಹೊರಡುವ ಮುಂಚೆ 30 ಜನರನ್ನು ಡೆಕ್ಕಿನ ಮೇಲೆ ಆ ಕಡೆಯಿಂದ ಈ ಕಡೆಗೆ ಓಡಿಸಿ ಪರೀಕ್ಷೆ ಮಾಡಿದ್ದರಂತೆ. ಮೂರನೇ ಓಟಕ್ಕೆ ಹಡಗು ಓಲಾಡಿದ ರೀತಿ ಕಂಡು ಅಡ್ಮಿರಲ್ ಹೌಹಾರಿ ನಿಲ್ಲಿಸಿದರು. ನಿಲ್ಲಿಸಿದ್ದು ಓಟವನ್ನು, ಯಾನವನ್ನಲ್ಲ.

ಮೂರನೇ ಹಡಗು ಎಡಕ್ಕೆ ವಾಲಿತು. ಅದನ್ನು ನೆಟ್ಟಗೆ ಮಾಡುವ ಭರದಲ್ಲಿ ನಾನು ಬಲಕ್ಕೆ ವಾಲಿದೆ. ಹೆಗಲಿನ ಬ್ಯಾಗು ಜಾರಿ ತಲೆಕೆಳಗಾಯಿತು. ಛತ್ರಿ, ಕನ್ನಡಕದ ಡಬ್ಬಿ, ಮಾತ್ರೆಯ ಪಟ್ಟಿ, ಅರ್ಧ ಸುಲಿದ ಕಿತ್ತಳೆ, ಎಲ್ಲ ಮಕ್ಕಳ ಕಾಲ ಬಳಿ. ಕಿತ್ತಳೆ ಮಾತ್ರ ಉರುಳುತ್ತ ವಾಸಾದ ದಿಕ್ಕು ಹಿಡಿಯಿತು. ಒಬ್ಬ ಪುಟ್ಟ ಹುಡುಗಿ ಓಡಿ ಹೋಗಿ ಹಿಡಿದು ತಂದುಕೊಟ್ಟು, ಸೀದಾ ನನ್ನ ಜಾಗದಲ್ಲಿ ನಿಂತು ನಾಲ್ಕನೇ ಹಡಗನ್ನು ತೇಲಿಸಿಬಿಟ್ಟಳು.

"ಜಿಪ್ಪು ತೆಗೆದಿಟ್ಟಿದ್ದು ಯಾರು?" ಎಂದೆ.

"ನಾನು ಮುಟ್ಟೇ ಇಲ್ಲ" ಎಂದಳು ಇವಳು. "ನಾನಲ್ಲ ಮಾಮಾ" ಎಂದ ಅವನು.

ವಾಸಾ ಮುಳುಗಿದಾಗಲೂ ಕೆಳಗಿನ ಕಿಂಡಿಗಳು ತೆರೆದೇ ಇದ್ದವು. ಕ್ಯಾಪ್ಟನ್ನನ್ನು ಹಿಡಿದರು, ವಿಚಾರಣೆ ನಡೆಸಿದರು, ಪ್ರತಿಯೊಬ್ಬರೂ ತಮ್ಮದೇನೂ ತಪ್ಪಿಲ್ಲ ಅಂದರು. ಹಡಗು ಕಟ್ಟುವ ಹೊಣೆ ಹೊತ್ತಿದ್ದ ಹೆನ್ರಿಕ್ ಹೈಬರ್ಟ್‌ಸನ್ ಹಿಂದಿನ ವರ್ಷವೇ ತೀರಿಕೊಂಡಿದ್ದ. ಕೊನೆಗೆ ಯಾರಿಗೂ ಶಿಕ್ಷೆಯಾಗಲಿಲ್ಲ.

ನಮಗೆ ಆ ಅನುಕೂಲವಿರಲಿಲ್ಲ. ಮೂವರೂ ಬದುಕಿದ್ದೆವು.