ಟೈಲ್ಸ್ ಅಂಗಡಿಗೆ ಹೋಗುವ ಮುಂಚೆ ಹಳೇ ನೆಲದ ತೇವ ನೋಡಿ

ನೆಲ ಬದಲಿಸಬೇಕು ಅಂತ ಮನಸ್ಸಾದ ಕೂಡಲೇ ನಮ್ಮ ಕಡೆ ಹೆಚ್ಚಿನವರು ಟೈಲ್ಸ್ ಅಂಗಡಿಗೆ ಹೋಗಿ ಬಣ್ಣ, ಡಿಸೈನ್ ನೋಡತೊಡಗುತ್ತಾರೆ. ದಯವಿಟ್ಟು ಅದನ್ನು ಕೊನೆಗೆ ಇಟ್ಟುಕೊಳ್ಳಿ. ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರವಿರಲಿ, ಘಟ್ಟದ ಮೇಲಿನ ಶಿರಸಿ, ಸಿದ್ದಾಪುರವಿರಲಿ, ನೆಲ ಕೆಡುವ ಮನೆಗಳಲ್ಲಿ ಬಹುಪಾಲು ಕೆಡುವುದು ತೇವದಿಂದ. ಆಷಾಢದಲ್ಲಿ ಅಂಗಳದ ಬಾವಿ ಕಟ್ಟೆಯ ಹತ್ತಿರಕ್ಕೆ ತುಂಬಿರುವಾಗ ಮನೆಯ ಅಡಿಯ ಮಣ್ಣು ಒಣಗಿರಲು ಸಾಧ್ಯವೇ ಇಲ್ಲ. ಈ ತೇವಕ್ಕೆ ದಾರಿ ಮಾಡದೆ ಮೇಲೆ ಏನು ಹಾಸಿದರೂ ದುಡ್ಡು ದಂಡ.

ಮೊದಲು ಪ್ಲಾಸ್ಟಿಕ್ ಕಾರ್ಪೆಟ್ಟಿನ ಮಾತು. ಹಳೇ ಸಿಮೆಂಟು ನೆಲ ಬಿರುಕು ಬಿಟ್ಟಿದೆ, ಮನೆಯಲ್ಲಿ ಒಂದು ಮುಂಜಿಯೋ ಮದುವೆಯೋ ಇದೆ, ಅಡಿ ಲೆಕ್ಕದಲ್ಲಿ ಸಿಗುವ ಕಾರ್ಪೆಟ್ ತಂದು ಗೋಡೆಯಿಂದ ಗೋಡೆಗೆ ಹಾಸಿ ಅಂಚಿಗೆ ಗಮ್ ಹಚ್ಚುತ್ತಾರೆ. ಸಿಮೆಂಟು ನೆಲ ಅಡಿಯಿಂದ ಬಂದ ತೇವವನ್ನು ಸ್ವಲ್ಪಸ್ವಲ್ಪವಾಗಿ ಗಾಳಿಗೆ ಬಿಡುತ್ತಿರುತ್ತದೆ. ಪ್ಲಾಸ್ಟಿಕ್ ಆ ದಾರಿ ಮುಚ್ಚಿತು. ನೀರು ಅಲ್ಲೇ ನಿಂತು ಕಪ್ಪು ಬೂಸ್ಟು ಹಿಡಿಯುತ್ತದೆ, ಕೋಣೆಗೆ ಮುಗ್ಗು ವಾಸನೆ ಬರುತ್ತದೆ, ಕತ್ತಲೆ ತೇವ ಎರಡೂ ಸಿಕ್ಕ ಒರಲೆ, ಅಂದರೆ ಗೆದ್ದಲು, ಗೋಡೆಯ ಬುಡದಿಂದ ಬಾಗಿಲ ಚೌಕಟ್ಟಿಗೆ ಹತ್ತುತ್ತದೆ. ಉಣ್ಣೆ, ನೈಲಾನ್ ಕಾರ್ಪೆಟ್ಟಿನ ಪಾಡು ಇನ್ನೂ ಕಷ್ಟ, ಅದು ತೇವವನ್ನು ಹೀರಿ ಇಟ್ಟುಕೊಳ್ಳುತ್ತದೆ. ಕರಾವಳಿಯ ಹೋಂಸ್ಟೇಗಳಲ್ಲಿ ಅಂಥದ್ದನ್ನು ಗೋಡೆಗೆ ಗೋಡೆ ಹಾಸುವುದು ಯಾವ ಲೆಕ್ಕದಲ್ಲೂ ಸರಿಯಲ್ಲ. ಹಾಸಲೇಬೇಕಾದರೆ ಎತ್ತಿ ಬಿಸಿಲಿಗೆ ಹಾಕಬಹುದಾದ ಜಮಖಾನೆ, ಚಾಪೆ ಸಾಕು.

ಅಂಟಿಸಿದ ಕಾರ್ಪೆಟ್ ಇಡಿಯಾಗಿ ಎಳೆದರೆ ಬರುವುದಿಲ್ಲ, ಎಳೆದವರು ನೆಲದ ಮೇಲ್ಪದರವನ್ನೂ ಕಿತ್ತುಕೊಂಡು ಬರುತ್ತಾರೆ. ಕಟರ್‌ನಿಂದ ಒಂದೊಂದು ಅಡಿ ಅಗಲದ ಪಟ್ಟಿ ಮಾಡಿ, ಒಂದು ತುದಿಯಿಂದ ನೆಲಕ್ಕೆ ಮಲಗಿಸಿದಂತೆ ಹಿಂದಕ್ಕೆ ಮಡಚುತ್ತ ಎಳೆಯಿರಿ. ಬಿಗಿ ಇದ್ದಲ್ಲಿ ಕೂದಲು ಒಣಗಿಸುವ ಡ್ರೈಯರ್ ಹಿಡಿದರೆ ಗಮ್ ಮೆತ್ತಗಾಗುತ್ತದೆ. ಉಳಿದ ಗಮ್ಮನ್ನು ಪುಟ್ಟಿ ಹಚ್ಚುವ ತಗಡಿನಿಂದ ಕೆರೆಯಬೇಕು. ಪೆಟ್ರೋಲ್, ಥಿನ್ನರ್ ಸುರಿದು ಉಜ್ಜುವುದು ಕೆಲವರ ರೂಢಿ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಂದು ಕಿಡಿ ಸಾಕು ಬೆಂಕಿ ಹತ್ತಲು, ಮೇಲಾಗಿ ಕರಗಿದ ಗಮ್ ನೆಲದ ರಂಧ್ರಕ್ಕೆ ಇಳಿದು ಮುಂದೆ ಯಾವ ಅಂಟೂ ಹಿಡಿಯದಂತೆ ಮಾಡುತ್ತದೆ.

ಕಾರ್ಪೆಟ್ ತೆಗೆದ ನೆಲವನ್ನು ಎರಡು ವಾರವಾದರೂ ಗಾಳಿಗೆ ಬಿಟ್ಟು, ಆಮೇಲೆ ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿ. ಒಂದೂವರೆ ಅಡಿ ಚೌಕದ ದಪ್ಪ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚನ್ನು ಸಂದಿಲ್ಲದಂತೆ ಅಗಲ ಟೇಪಿನಿಂದ ಮುಚ್ಚಿ. ಕನಿಷ್ಠ 16 ತಾಸು, ಸಾಧ್ಯವಾದರೆ ಇಡೀ ದಿನ ಬಿಡಿ. ಒಂದನ್ನು ಕೋಣೆಯ ಮಧ್ಯೆ, ಒಂದನ್ನು ಹೊರಗೋಡೆಯ ಬುಡದಲ್ಲಿ, ಒಂದನ್ನು ಬಚ್ಚಲಿನ ಪಕ್ಕ ಹಚ್ಚಿದರೆ ಮನೆಯ ಸ್ಥಿತಿ ತಿಳಿಯುತ್ತದೆ. ಹಾಳೆಯ ಒಳಮೈಯಲ್ಲಿ ಹನಿ ಕೂತಿದ್ದರೆ, ಅಥವಾ ಅದರಡಿಯ ನೆಲ ಸುತ್ತಲಿನದಕ್ಕಿಂತ ಕಪ್ಪಾಗಿದ್ದರೆ, ನೀರು ಅಡಿಯಿಂದ ಬರುತ್ತಿದೆ. ಹನಿ ಮೇಲುಮೈಯಲ್ಲಿದ್ದರೆ ಅದು ಗಾಳಿಯ ತೇವ. ಬೇಸಿಗೆಯಲ್ಲಿ ಮಾಡಿದ ಪರೀಕ್ಷೆಯನ್ನು ನಂಬಿ ಕೂರಬೇಡಿ. ಮಳೆಗಾಲದಲ್ಲೇ ಒಮ್ಮೆ ಮಾಡಿಟ್ಟುಕೊಂಡರೆ ಕೆಲಸವನ್ನು ಆಮೇಲೆ ಮಾಡಿಸಬಹುದು.

ಈ ಎರಡರ ವ್ಯತ್ಯಾಸ ತಿಳಿಯದೆ ಚೆನ್ನಾಗಿದ್ದ ನೆಲವನ್ನೇ ಒಡೆಸಿದವರಿದ್ದಾರೆ. ಜೂನ್ ಮೊದಲ ಮಳೆಯ ಹೊತ್ತಿಗೆ ನೆಲ ಬೆವರುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಗಾಳಿ 30 ಡಿಗ್ರಿ ಇದ್ದು ತೇವಾಂಶ ಶೇ 85 ಇದ್ದರೆ, ಸುಮಾರು 27 ಡಿಗ್ರಿಗಿಂತ ತಣ್ಣಗಿರುವ ಯಾವ ನೆಲದ ಮೇಲೂ ನೀರು ಕೂರುತ್ತದೆ, ಅದು ದುಬಾರಿ ಗ್ರಾನೈಟ್ ಆದರೂ ಅಷ್ಟೇ. ನೀರು ಹೀರದ ನುಣುಪು ಟೈಲ್ಸಿನ ಮೇಲೆ ಇನ್ನಷ್ಟು ಕಾಣುತ್ತದೆ. ಅಂಥ ದಿನ ಕಿಟಕಿ ಮುಚ್ಚಿ ಫ್ಯಾನ್ ಹಾಕಿ, ಒಣ ಬಟ್ಟೆಯಲ್ಲಿ ಒರೆಸುವುದೇ ಉಪಾಯ. ನೆಲ ಬದಲಿಸಿದರೆ ಇದು ಹೋಗುವುದಿಲ್ಲ.

ನೀರು ಅಡಿಯಿಂದ ಬರುತ್ತಿದ್ದರೆ ಮಾತ್ರ ಒಡೆಯುವುದು ಅನಿವಾರ್ಯ. ಅದಕ್ಕೂ ಮುಂಚೆ ಹೊರಗೆ ಒಂದು ಸುತ್ತು ಹಾಕಿ. ಸೂರಿನ ನೀರು ಪಂಚಾಂಗದ, ಅಂದರೆ ಅಡಿಪಾಯದ, ಬುಡಕ್ಕೇ ಬೀಳುತ್ತಿದೆಯೇ, ಅಂಗಳದ ಮಟ್ಟ ಏರಿ ಒಳಗಿನ ನೆಲಕ್ಕೆ ಸಮನಾಗಿದೆಯೇ ನೋಡಿ. ಚಿರೆಕಲ್ಲು ನೀರನ್ನು ಚೆನ್ನಾಗಿ ಹೀರುತ್ತದೆ. ಗೋಡೆಯ ಬುಡಕ್ಕೆ ನೀರು ಬೀಳುವುದನ್ನು ತಪ್ಪಿಸದಿದ್ದರೆ ಒಳಗೆ ಮಾಡಿದ್ದೆಲ್ಲ ಅರ್ಧ ಕೆಲಸ.

ಒಳಗೆ ಹಳೇ ನೆಲ ತೆಗೆದು, ಮಣ್ಣನ್ನು ಆರಾರು ಇಂಚಿನ ಪದರದಲ್ಲಿ ನೀರು ಹಾಕಿ ಕುಟ್ಟಿಸಿ ಧಮ್ಮಸ್ ಮಾಡಿಸಿ. ಒಂದೇ ಸಲ ಎರಡು ಅಡಿ ಮಣ್ಣು ತುಂಬಿ ಮೇಲೆ ಮಾತ್ರ ಕುಟ್ಟಿದರೆ ಒಂದೆರಡು ವರ್ಷದಲ್ಲಿ ಕೋಣೆಯ ನಡುವೆ ನೆಲ ಕುಸಿಯುತ್ತದೆ. ಅದರ ಮೇಲೆ ಸಣ್ಣ ಜಲ್ಲಿಪುಡಿಯ ತೆಳು ಹಾಸು, ಮೇಲೆ 250 ಮೈಕ್ರಾನ್ ಪಾಲಿಥಿನ್ ಹಾಳೆ. ಜೋಡಣೆಯಲ್ಲಿ ಎಂಟು ಇಂಚು ಒಂದರ ಮೇಲೊಂದು ಬರಬೇಕು, ಟೇಪ್ ಹಚ್ಚಬೇಕು, ಗೋಡೆಯ ಬದಿಗೆ ಹೊಸ ನೆಲದ ಮಟ್ಟದವರೆಗೆ ಮೇಲಕ್ಕೆ ಮಡಚಬೇಕು. ಈ ಮಡಚುವಿಕೆಯನ್ನೇ ಹೆಚ್ಚಿನ ಕಡೆ ಬಿಟ್ಟುಬಿಡುತ್ತಾರೆ. ಆಗ ತೇವ ಗೋಡೆಯ ಅಂಚಿನಲ್ಲಿ ಏರಿ ಸ್ಕರ್ಟಿಂಗ್, ಅಂದರೆ ಗೋಡೆಯ ಬುಡಕ್ಕೆ ಹಚ್ಚುವ ಪಟ್ಟಿ, ಅದರ ಹಿಂದಿನಿಂದ ಬಣ್ಣ ಉದುರಿಸುತ್ತದೆ. ಹಾಳೆಯ ಮೇಲೆ ನಾಲ್ಕು ಇಂಚು ಕಾಂಕ್ರೀಟ್, 1:4:8 ಪ್ರಮಾಣ. 10x12 ಅಡಿ ಕೋಣೆಗೆ ಇದಕ್ಕೆ ನಾಲ್ಕು ಚೀಲ ಸಿಮೆಂಟ್, 19 ಘನ ಅಡಿ ಮರಳು, 38 ಘನ ಅಡಿ 40 ಎಂಎಂ ಜಲ್ಲಿ ಬೇಕು. ಆಮೇಲೆ ಏಳು ದಿನ ಕಾಂಕ್ರೀಟಿನ ಮೇಲೆ ನೀರು ಕಟ್ಟಿ ಇಡಿ.

ಮರಳಿನ ಬಗ್ಗೆ ಕರಾವಳಿಯವರು ತೀರಾ ಹುಷಾರಾಗಿರಬೇಕು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿಯ ಅಳಿವೆಯ ಹತ್ತಿರದ ಮರಳಿನಲ್ಲಿ ಉಪ್ಪು ಇರುತ್ತದೆ. ಉಪ್ಪು ಶೇ 75ಕ್ಕಿಂತ ಹೆಚ್ಚು ತೇವಾಂಶದ ಗಾಳಿಯಿಂದ ನೀರನ್ನು ಎಳೆದುಕೊಂಡು ಕರಗುತ್ತದೆ, ಒಣ ಹವೆಯಲ್ಲಿ ಬಿಳಿ ಹುಡಿಯಾಗಿ ಮೇಲೆ ಬರುತ್ತದೆ. ಹಾಗಾಗಿ ಉಪ್ಪು ಮರಳಿನ ನೆಲ ಅಡಿಯಿಂದ ನೀರು ಬರದಿದ್ದರೂ ಪ್ರತಿ ಮಳೆಗಾಲ ಒದ್ದೆಯಾಗುತ್ತದೆ, ಅದಕ್ಕೆ ಆಮೇಲೆ ಮದ್ದಿಲ್ಲ. ಅನುಮಾನ ಬಂದರೆ ಎಂ-ಸ್ಯಾಂಡ್, ಅಂದರೆ ಕಲ್ಲು ಪುಡಿ ಮಾಡಿ ತಯಾರಿಸಿದ ಮರಳು, ತರಿಸಿ.

ಒರಲೆ ಇದ್ದ ಮನೆಯಲ್ಲಿ ನೆಲ ತೆಗೆದಾಗಲೇ ಔಷಧಿ ಹೊಡೆಸುವುದು ಜಾಣತನ. ಒಡೆಯದೆ ಮಾಡುವುದಾದರೆ ಗೋಡೆ ನೆಲ ಸೇರುವಲ್ಲಿ ಒಂದೊಂದು ಅಡಿಗೆ 12 ಎಂಎಂ ತೂತು ಕೊರೆದು, ತೂತಿಗೆ ಒಂದು ಲೀಟರ್ ಮೀರದಂತೆ ಬಿಟ್ಟು ಸಿಮೆಂಟಿನಿಂದ ಮುಚ್ಚುತ್ತಾರೆ. ಕುಡಿಯುವ ನೀರಿನ ಬಾವಿ ಗೋಡೆಗೆ ಹತ್ತಿರವಿದ್ದರೆ ಆ ಬದಿಯಲ್ಲಿ ಖಂಡಿತ ಬೇಡ. ನಮ್ಮ ಮಣ್ಣಿನಲ್ಲಿ ನೀರು ಬೇಗ ಇಳಿಯುತ್ತದೆ.

ಪರೀಕ್ಷೆಯಲ್ಲಿ ಗೆದ್ದ ಹಳೇ ಕೆಂಪು ನೆಲ, ಅಂದರೆ ರೆಡ್ ಆಕ್ಸೈಡ್ ನೆಲ, ನಿಮ್ಮ ಮನೆಯಲ್ಲಿದ್ದರೆ ಒಡೆಯಬೇಡಿ ಅಂತ ಕೈಮುಗಿದು ಕೇಳುತ್ತೇನೆ. ಜೋಡಣೆಯ ಗೆರೆಯಿಲ್ಲ, ಕಾಲಿಗೆ ತಂಪು, ಅಡಿಕೆ ಚೊಗರು ಬಿದ್ದರೂ ಕಾಣುವುದಿಲ್ಲ. ಬಿರುಕನ್ನು ಉಳಿಯಿಂದ ಸ್ವಲ್ಪ ಅಗಲಿಸಿ, ಧೂಳು ತೆಗೆದು, ಹಳೆಯದಕ್ಕೆ ಹೊಸದು ಹಿಡಿಯಲು ಹಾಕುವ ಬಾಂಡಿಂಗ್ ಲ್ಯಾಟೆಕ್ಸ್ ದ್ರವ ಬೆರೆಸಿದ ಸಿಮೆಂಟ್-ಆಕ್ಸೈಡ್ ತುಂಬಬಹುದು. ತೇಪೆಯ ಬಣ್ಣ ಹಳೆಯದಕ್ಕೆ ಪೂರ್ತಿ ಹೊಂದುವುದಿಲ್ಲ, ಅದನ್ನು ಒಪ್ಪಿಕೊಳ್ಳಬೇಕು. ಹೊಸದಾಗಿ ಹಾಕಿಸುವವರು ಮೂರು ಕಿಲೋ ಸಿಮೆಂಟಿಗೆ ಒಂದು ಕಿಲೋ ಆಕ್ಸೈಡ್ ಒಣಗಿದ್ದಾಗಲೇ ಬೆರೆಸಿ ಜರಡಿ ಹಿಡಿಸಬೇಕು. ನೀರು ಹಾಕಿದ ಮೇಲೆ ಬೆರೆಸಿದರೆ ಮಚ್ಚೆ ಏಳುತ್ತದೆ. ಅಡಿಯ ಒಂದಿಂಚು ಗಾರೆ ಹಸಿ ಇರುವಾಗ, ಅದೇ ದಿನ, ಇದನ್ನು ಎಳೆದು ಕರಣೆಯಿಂದ ಮತ್ತೆ ಮತ್ತೆ ಒತ್ತಿ ಹೊಳಪು ತರಬೇಕು. ನಾಲ್ಕು ಅಡಿ ಚೌಕಗಳಾಗಿ ಪಟ್ಟಿ ಹಾಕಿದರೆ ಬಿರುಕು ಆ ಗೆರೆಯಲ್ಲೇ ಅಡಗುತ್ತದೆ. ಈ ಕೆಲಸ ಬಲ್ಲ ಗೌಂಡಿಗಳು ಕಡಿಮೆಯಾಗುತ್ತಿದ್ದಾರೆ, ಸಿಕ್ಕರೆ ಅವರು ಕೇಳಿದ ಕೂಲಿ ಕೊಡಿ.

ಇನ್ನು ಟೈಲ್ಸ್. ಗಟ್ಟಿ ನೆಲದ ಮೇಲೆಯೇ ಟೈಲ್ಸ್ ಹಾಕಬಹುದು, ಆದರೆ ವಿಟ್ರಿಫೈಡ್ ಟೈಲ್ಸ್ ಅರ್ಧ ಶೇಕಡಾದಷ್ಟೂ ನೀರು ಹೀರುವುದಿಲ್ಲ, ಹಾಗಾಗಿ ಬರೀ ಸಿಮೆಂಟ್ ಹಾಲು ಅದಕ್ಕೆ ಹಿಡಿಯದು. ಪೊಟ್ಟಣದ ಮೇಲೆ ಐಎಸ್ 15477 (ಟೈಲ್ಸ್ ಅಂಟಿನ ಭಾರತೀಯ ಗುಣಮಟ್ಟದ ಸಂಖ್ಯೆ) ಅಂತ ಇರುವ, ಹಳೇ ನೆಲದ ಮೇಲೆ ವಿಟ್ರಿಫೈಡ್ ಅಂಟಿಸಲು ಹೇಳಿದ ಅಂಟನ್ನೇ ತನ್ನಿ. 20 ಕಿಲೋ ಚೀಲ ಸುಮಾರು 45ರಿಂದ 50 ಚದರ ಅಡಿಗೆ ಬರುತ್ತದೆ. ಹಳೇ ನೆಲದ ನುಣುಪಿಗೆ ಉಳಿಯಿಂದ ಒತ್ತೊತ್ತಾಗಿ ಕಚ್ಚು ಹಾಕಿಸಿ, ಟೈಲ್ಸಿನ ಬೆನ್ನಿನ ಬಿಳಿ ಹುಡಿಯನ್ನು ಒದ್ದೆ ಬಟ್ಟೆಯಲ್ಲಿ ಒರೆಸಿಸಿ. ಆ ಹುಡಿ ಉಳಿದರೆ ಅಂಟು ಹುಡಿಗೆ ಹಿಡಿಯುತ್ತದೆ, ಟೈಲ್ಸಿಗಲ್ಲ.

ಅಂಟನ್ನು ಹಲ್ಲಿನ ಕರಣೆಯಿಂದ ಇಡೀ ನೆಲಕ್ಕೆ ಒಂದೇ ದಿಕ್ಕಿಗೆ ಎಳೆಯಬೇಕು. ಟೈಲ್ಸಿನ ನಾಲ್ಕು ಮೂಲೆಗೆ, ನಡುವಿಗೆ ಒಂದೊಂದು ಮುದ್ದೆ ಇಟ್ಟು ಒತ್ತುವ ಕೆಲಸಗಾರರನ್ನು ಆ ಕ್ಷಣವೇ ನಿಲ್ಲಿಸಿ. ಮುದ್ದೆಗಳ ನಡುವೆ ಉಳಿದ ಪೊಳ್ಳಿನಲ್ಲಿ ನೀರು ಸೇರುತ್ತದೆ, ಕಪಾಟಿನ ಕಾಲು ಅಲ್ಲಿ ಬಂದರೆ ಟೈಲ್ಸ್ ಸೀಳುತ್ತದೆ. ಆಗಾಗ ಒಂದನ್ನು ಹಾಕಿದ ಕೂಡಲೇ ಎತ್ತಿಸಿ ಬೆನ್ನು ನೋಡಿ. ಪೂರ್ತಿ ಅಂಟು ಮೆತ್ತಿರಬೇಕು. ಎರಡು ದಿನದ ಮೇಲೆ ನಾಣ್ಯದಿಂದ ತಟ್ಟಿ, ಡಬಡಬ ಅಂದದ್ದಕ್ಕೆ ಸೀಮೆಸುಣ್ಣದ ಗುರುತು ಹಾಕಿ, ಕೂಲಿ ಚುಕ್ತಾ ಮಾಡುವ ಮುಂಚೆಯೇ ಬದಲಿಸಿಕೊಳ್ಳಿ. ಟೈಲ್ಸ್ ನಡುವೆ 2 ಎಂಎಂ ಸ್ಪೇಸರ್, ಗೋಡೆಯ ಬದಿಗೆ 6ರಿಂದ 8 ಎಂಎಂ ಜಾಗ ಬಿಡಬೇಕು, ಅದು ಸ್ಕರ್ಟಿಂಗ್ ಅಡಿಯಲ್ಲಿ ಮುಚ್ಚಿಹೋಗುತ್ತದೆ. ಗೋಡೆಗೆ ಒತ್ತಿ ಕೂಡಿಸಿದ ಟೈಲ್ಸ್ ಹಿಗ್ಗಿದಾಗ ಜಾಗವಿಲ್ಲದೆ ಸಾಲಾಗಿ ಎದ್ದು ನಿಲ್ಲುತ್ತದೆ. ಅಂಟು, ಟೈಲ್ಸ್ ಸೇರಿ ನೆಲ ಸುಮಾರು 12 ಎಂಎಂ ಏರುತ್ತದೆ, ಬಾಗಿಲ ಬುಡ ಕೊಯ್ಯುವ ಬಡಗಿಗೆ ಮೊದಲೇ ಹೇಳಿಡಿ. ಬಚ್ಚಲಿನ ಕಡೆ ನೆಲ ಒಳಗಿನದಕ್ಕಿಂತ ತಗ್ಗಿನಲ್ಲೇ ಇರಲಿ. ಜಗುಲಿಗೆ ಹತ್ತು ಅಡಿಗೆ ಒಂದೂಕಾಲು ಇಂಚು ಹೊರಗಿಳಿಜಾರು, ಮತ್ತು ಒರಟು ಮೈಯ ಟೈಲ್ಸ್, ಹಿರಿಯರಿರುವ ಮನೆಯಲ್ಲಂತೂ ಕಡ್ಡಾಯ.

ಕೊನೆಗೆ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಹಾಕಲು ಬಿಡಬೇಡಿ, ಅದು ಟೈಲ್ಸ್ ಜೋಡಣೆಯ ಸಂದಿಗೆ ತುಂಬಿದ ಗ್ರೌಟನ್ನು ತಿನ್ನುತ್ತದೆ. ಅಡುಗೆಮನೆಗೆ, ಅಡಿಕೆ ಸುಲಿಯುವ ಜಾಗಕ್ಕೆ ಎಪಾಕ್ಸಿ ಗ್ರೌಟ್ ದುಬಾರಿಯಾದರೂ ಸರಿ. ಸಿಮೆಂಟ್ ಗ್ರೌಟಿಗೆ ಇಳಿದ ಚೊಗರಿನ ಕಲೆ ಹೋಗುವುದಿಲ್ಲ.

ಶಿರಸಿ ಕಡೆಯ ಹಳೇ ಮನೆಗಳ ಮೆತ್ತಿಯ ಮೇಲೆ, ಅಂದರೆ ಮರದ ತೊಲೆ ಹಲಗೆಯ ನೆಲದ ಮೇಲೆ, ಟೈಲ್ಸ್ ಹಾಕಿಸುವ ಯೋಚನೆ ಬಿಡಿ. ಎರಡು ಇಂಚು ಗಾರೆ ಮತ್ತು ಟೈಲ್ಸ್ ಸೇರಿ 10x12 ಕೋಣೆಗೆ 1,300 ಕಿಲೋ ಹೊರೆ ಆಗುತ್ತದೆ, ಮರ ಮಳೆಗಾಲಕ್ಕೆ ಹಿಗ್ಗಿ ಬೇಸಿಗೆಗೆ ಕುಗ್ಗುವಾಗ ಗಾರೆ ಒಡೆಯದೆ ಇರದು. ಹಲಗೆ ತೀಡಿಸಿ ಎಣ್ಣೆ ಕೊಡಿಸುವುದೇ ಸರಿ. ಮರದ ಪುಡಿಯಿಂದ ಮಾಡಿದ ಲ್ಯಾಮಿನೇಟ್ ನೆಲ ನಮ್ಮ ಹವೆಯಲ್ಲಿ ಅಂಚಿನಿಂದ ಉಬ್ಬುತ್ತದೆ, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ.

ಚೌತಿಗೆ ಮುಂಚೆ ನೆಲ ಆಗಲೇಬೇಕು ಅನ್ನುವ ಹಟ ನಮ್ಮಲ್ಲಿ ಬಹಳ. ಶ್ರಾವಣದ ಜಡಿಮಳೆಯಲ್ಲಿ ಹಾಕಿದ ಕಾಂಕ್ರೀಟ್ ಗಟ್ಟಿಯಾದರೂ ಒಣಗುವುದಿಲ್ಲ, ಆ ತೇವವನ್ನು ಟೈಲ್ಸಿನಡಿ ಮುಚ್ಚಿಟ್ಟಂತಾಗುತ್ತದೆ. ತುಳಸಿ ಮದುವೆ ಮುಗಿಸಿ ಶುರು ಮಾಡಿದರೆ ಶಿವರಾತ್ರಿಯೊಳಗೆ ಆರಾಮವಾಗಿ ಮುಗಿಯುತ್ತದೆ.

ಖರೀದಿಗೆ ಹೋದಾಗ 10x12 ಕೋಣೆಗೆ 2x2 ಅಡಿ ಟೈಲ್ಸಿನ ಲೆಕ್ಕ ಹೀಗಿರಲಿ. ನಾಲ್ಕು ಟೈಲ್ಸಿನ ಪೆಟ್ಟಿಗೆಗೆ 15.5 ಚದರ ಅಡಿ, ತುಂಡರಿಸುವ ನಷ್ಟ ಸೇರಿ ಒಂಬತ್ತು ಪೆಟ್ಟಿಗೆ, ನಾಲ್ಕು ಇಂಚಿನ ಸ್ಕರ್ಟಿಂಗಿಗೆ ಒಂದು, ಮುಂದೆ ಒಡೆದರೆ ಅಂತ ಇನ್ನೊಂದು, ಒಟ್ಟು ಹನ್ನೊಂದು. ಎಲ್ಲ ಪೆಟ್ಟಿಗೆಯ ಮೇಲೂ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಅಂತ ಗಾಡಿಯಿಂದ ಇಳಿಸುವಾಗಲೇ ನೋಡಿ, ಬೇರೆ ಇದ್ದುದನ್ನು ಅದೇ ಗಾಡಿಯಲ್ಲಿ ವಾಪಸ್ ಕಳಿಸಿ.